ಕಾರ್ಯಪ್ಪನವರು ಮತ್ತು ನಮ್ಮ ಬೀದಿಯ ಸೈನಿಕ

ಚಾಮರಾಜಪೇಟೆಯಲ್ಲಿ ನಮ್ಮ ಮನೆ ಹತ್ತಿರದ ಎಟಿಎಂ ಮುಂದೆ ವಯಸ್ಸಾದ ಸೆಕ್ಯೂರಿಟಿಯವರೊಬ್ಬರು ಕೂರುತ್ತಾರೆ. ಅವರ ಶೂ ಯಾವಾಗಲೂ ಮಿಂಚುತ್ತಿರುತ್ತದೆ. ಎರಡು ವರ್ಷ ನಾನು ಅವರನ್ನು ಏಕವಚನದಲ್ಲೇ ವಾಚ್‌ಮನ್ ಎಂದು ಕೂಗಿದ್ದೇನೆ. ಕಳೆದ ರಂಜಾನ್‌ನಲ್ಲಿ ಅಬ್ಬಾ ಅವರಿಗೆ ಖರ್ಜೂರ ಕೊಟ್ಟು ಮಾತಿಗೆ ನಿಂತಾಗ, ಅವರು ಹದಿನೇಳು ವರ್ಷ ಸೇನೆಯಲ್ಲಿದ್ದವರು, ಕಾರ್ಗಿಲ್‌ನಲ್ಲೂ ಇದ್ದವರು ಎಂದು ಗೊತ್ತಾಯಿತು. ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದ್ದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜೀವನವನ್ನು.

ಕೊಡಂದೇರ ಮಾದಪ್ಪ ಕಾರ್ಯಪ್ಪ ಹುಟ್ಟಿದ್ದು 1899ರ ಜನವರಿ 28ರಂದು, ಕೊಡಗಿನಲ್ಲಿ. 1919ರಲ್ಲಿ ಇಂದೋರ್‌ನಲ್ಲಿ ತರಬೇತಿ ಮುಗಿಸಿ ಬ್ರಿಟಿಷರ ಸೈನ್ಯದಲ್ಲಿ ಅಧಿಕಾರಿಯಾದರು. 1948ರಲ್ಲಿ ಜೋಜಿಲಾ, ದ್ರಾಸ್, ಕಾರ್ಗಿಲ್‌ಗಳನ್ನು ಮರಳಿ ಪಡೆದಾಗ ಪಶ್ಚಿಮ ವಿಭಾಗದ ಸೇನೆ ಅವರ ಕೈಕೆಳಗಿತ್ತು. 1949ರ ಜನವರಿ 15ರಂದು ಇಡೀ ಸೇನೆಗೆ ಮೊದಲ ಭಾರತೀಯ ಮುಖ್ಯಸ್ಥರಾದರು. ಅವರಿಗೆ ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲವಂತೆ. ನನ್ನ ಕನ್ನಡ ಕೇಳಿ ನಗುವ ಗೆಳೆಯರು ಇದನ್ನು ಗಮನಿಸಬೇಕು. ಆದರೂ ಮಡಿಕೇರಿಯ ಅವರ ಮನೆಯ ಹೆಸರು ಮಾತ್ರ ರೋಷನಾರಾ!

1953ರಲ್ಲಿ ನಿವೃತ್ತರಾದರು. ನನಗೆ ಹಿಡಿಸಿದ್ದು ಅದರ ನಂತರದ ಬದುಕು. ಜವಾನರು ಸೇನೆ ಬಿಡುವುದು ಚಿಕ್ಕ ವಯಸ್ಸಿಗೇ, ಬಹಳ ಜನ ನಲವತ್ತರೊಳಗೇ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಯುದ್ಧ ನಡೆಯುವಾಗ ಹಾರ ಹಾಕುವ ಜನ, ಅವರು ಕೆಲಸ ಕೇಳಿಕೊಂಡು ಬಂದಾಗ ಕಾಣುವುದಿಲ್ಲ. ಇಂಥವರಿಗಾಗಿ ಕಾರ್ಯಪ್ಪನವರು ಮುಂದೆ ನಿಂತು 1964ರಲ್ಲಿ ಮಾಜಿ ಸೈನಿಕರ ಸಂಘ ಕಟ್ಟಿದರು.

ಮರುವರ್ಷವೇ ಯುದ್ಧ. ಅವರ ಮಗ ವಾಯುಪಡೆಯ ಪೈಲಟ್. ಯುದ್ಧದ ಕೊನೆಯ ದಿನಗಳಲ್ಲಿ ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟು ಕಳಿಸಲೇ ಎಂದು ಹೇಳಿ ಕಳಿಸಿದರು. ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದು ಕಾರ್ಯಪ್ಪನವರು ತಿಳಿಸಿದರು. ಮಗ ಬಂದದ್ದು ತಿಂಗಳುಗಳ ನಂತರ, 1966ರಲ್ಲಿ. ಈ ಭಾಗ ಓದಿ ಹೇಳಿದಾಗ ಅಮ್ಮಿ ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಿದರು. ತಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ ಎಂದರು.

ಸಾರ್ವಜನಿಕರು ಕಾರ್ಯಪ್ಪನವರಿಗೂ ಸದಾ ಹಾರ ಹಾಕಲಿಲ್ಲ. 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ನಿವೃತ್ತರಾಗಿ ಮೂವತ್ತಮೂರು ವರ್ಷಕ್ಕೆ. 1993ರ ಮೇ 15ರಂದು ನಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು. ರೆಸಿಡೆನ್ಸಿ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ, ಆದರೆ ಆಟೋದವರಿಗೆ ಆ ಹೆಸರು ಹೇಳಿ ನೋಡಿ.

ಅವರು ಅಧಿಕಾರ ವಹಿಸಿಕೊಂಡ ಜನವರಿ 15 ಇಂದು ಸೇನಾ ದಿನ. 2023ರಲ್ಲಿ ಅದರ ಪೆರೇಡ್ ಮೊದಲ ಬಾರಿ ದೆಹಲಿ ಬಿಟ್ಟು ಬೆಂಗಳೂರಿಗೆ ಬಂದಿತ್ತು. ಹೋಗಿದ್ದಿರಾ ಅಂಕಲ್ ಎಂದು ಮೊನ್ನೆ ಎಟಿಎಂ ಮುಂದೆ ನಿಂತು ಕೇಳಿದೆ. ಅವತ್ತು ಭಾನುವಾರ, ಬದಲಿಗೆ ಬೇರೆ ಯಾರೂ ಸಿಗದೆ ಡ್ಯೂಟಿಯಲ್ಲೇ ಇದ್ದರಂತೆ. ಫೋನಿನಲ್ಲಿ ಸ್ವಲ್ಪ ನೋಡಿದರಂತೆ.