ಬಣ್ಣಕ್ಕೆ ಮರುಳಾಗದ ವಿಜ್ಞಾನಿ ಜಾನ್ ಲೆಸ್ಲಿ



ಹಿಮ ಬೀಳುವ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಗೋಡೆಯ ಬದಿಗೆ ಲೋಹದ ಕೊಳವೆಗಳ ಸಾಲೊಂದನ್ನು ನಿಲ್ಲಿಸಿ, ಅದರೊಳಗೆ ಬಿಸಿನೀರನ್ನು ಹರಿಸುತ್ತಾರೆ. ಇದಕ್ಕೆ ರೇಡಿಯೇಟರ್ ಎಂದು ಹೆಸರು. ಇದಕ್ಕೆ ಯಾವ ಬಣ್ಣ ಬಳಿದರೆ ಕೋಣೆ ಹೆಚ್ಚು ಬೆಚ್ಚಗಾದೀತು? ಕಪ್ಪು ಬಟ್ಟೆ ಬಿಸಿಲಿನಲ್ಲಿ ಬೇಗ ಕಾಯುವುದನ್ನು ಬಲ್ಲ ನಾವೆಲ್ಲರೂ ಕಪ್ಪು ಬಣ್ಣವೆಂದೇ ಉತ್ತರಿಸುತ್ತೇವೆ. ಆದರೆ ಅಲ್ಲಿನ ಮನೆಗಳಲ್ಲಿ ಬಿಳಿಯ ರೇಡಿಯೇಟರುಗಳೇ ಹೆಚ್ಚು. ಅವುಗಳಿಂದ ಕೋಣೆಯೇನೂ ತಣ್ಣಗೆ ಉಳಿಯುವುದಿಲ್ಲ. ಇದರ ಗುಟ್ಟನ್ನು ಇಂತಹ ಸಾಧನಗಳು ಮನೆಮನೆಗೆ ಬರುವ ಬಹು ಮೊದಲೇ ಅಳೆದು ತೋರಿಸಿದವನು ಸ್ಕಾಟ್ಲೆಂಡಿನ ಜಾನ್ ಲೆಸ್ಲಿ.

ಲೆಸ್ಲಿ 1766ರ ಏಪ್ರಿಲ್ 10ರಂದು ಫೈಫ್ ಪ್ರಾಂತದ ಲಾರ್ಗೊ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಮರಗೆಲಸದವನು. ಶಾಲೆಗೆ ಹೋದದ್ದು ಅಲ್ಪವೇ ಆದರೂ ಗಣಿತದಲ್ಲಿ ಬಾಲಕನಿಗೆ ಅಪಾರ ಆಸಕ್ತಿ. 1779ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿಯೇ, ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅವನು ಮುಂದೆ ಪಾದ್ರಿಯಾಗಬೇಕೆಂಬ ಷರತ್ತಿನ ಮೇಲೆ ಶ್ರೀಮಂತನೊಬ್ಬನು ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡಿದ್ದನು. ಆ ಪೋಷಕನು ತೀರಿಕೊಂಡ ಮೇಲೆ ಲೆಸ್ಲಿ ಧರ್ಮಶಾಸ್ತ್ರದ ವ್ಯಾಸಂಗವನ್ನು ಬಿಟ್ಟು ವಿಜ್ಞಾನದ ಹಾದಿ ಹಿಡಿದನು.

ಹೊಟ್ಟೆಪಾಡಿಗಾಗಿ ಅಮೆರಿಕದ ವರ್ಜೀನಿಯಾದಲ್ಲಿಯೂ, ಅನಂತರ ಇಂಗ್ಲೆಂಡಿನ ಪ್ರಸಿದ್ಧ ಪಿಂಗಾಣಿ ತಯಾರಕರಾದ ವೆಜ್‌ವುಡ್ ಮನೆತನದಲ್ಲಿಯೂ ಮನೆಪಾಠ ಹೇಳಿದನು. ಫ್ರೆಂಚ್ ಪಂಡಿತ ಬುಫೋನನ ಪಕ್ಷಿಗಳ ಕುರಿತ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿ 1793ರಲ್ಲಿ ಪ್ರಕಟಿಸಿದನು. ಹೀಗೆ ದುಡಿದುಕೊಂಡೇ ಉಷ್ಣದ ಪ್ರಯೋಗಗಳಲ್ಲಿ ತೊಡಗಿದನು.

ಆ ಪ್ರಯೋಗ ಬಹಳ ಸರಳವಾದದ್ದು. ತವರದ ತಗಡಿನಿಂದ ಘನಾಕಾರದ ಒಂದು ಡಬ್ಬಿ. ಅದರ ಒಂದು ಮುಖಕ್ಕೆ ದೀಪದ ಮಸಿ ಬಳಿದನು. ಮತ್ತೊಂದಕ್ಕೆ ಬರೆಯುವ ಕಾಗದ ಅಂಟಿಸಿದನು. ಇನ್ನೊಂದನ್ನು ಥಳಥಳಿಸುವಂತೆಯೇ ಉಳಿಸಿದನು. ಒಳಗೆ ಬಿಸಿನೀರು ತುಂಬಿ, ಒಂದೊಂದೇ ಮುಖವನ್ನು ತಗಡಿನ ನಿಮ್ನ ದರ್ಪಣದ ಕಡೆಗೆ ತಿರುಗಿಸಿದನು. ದರ್ಪಣವು ಕೂಡಿಸಿದ ಶಾಖವನ್ನು ತಾನೇ ರೂಪಿಸಿದ ಸೂಕ್ಷ್ಮ ಉಷ್ಣಮಾಪಕದಿಂದ ಅಳೆದನು. ನೀರು ಒಂದೇ, ಬಿಸಿಯೂ ಒಂದೇ. ಆದರೆ ಹೊರಬಿದ್ದ ಶಾಖ ಒಂದೇ ಆಗಿರಲಿಲ್ಲ. ಮಸಿಯ ಮುಖದ್ದನ್ನು 100 ಎಂದು ಹಿಡಿದರೆ ಕಾಗದದ್ದು 98, ಹೊಳೆಯುವ ತಗಡಿನದು ಕೇವಲ 12!

ಈ ಅಂಕಿಗಳನ್ನು ನಾವು ಸ್ವಲ್ಪ ನಿಂತು ನೋಡಬೇಕು. ಮಸಿಗೂ ಕಾಗದಕ್ಕೂ ಕಣ್ಣಿಗೆ ಎಷ್ಟೊಂದು ಅಂತರ! ಶಾಖ ಸೂಸುವುದರಲ್ಲಿ ಮಾತ್ರ ಅವು ಹೆಚ್ಚುಕಡಿಮೆ ಸಮಾನ. ನಿಜವಾದ ವ್ಯತ್ಯಾಸವಿರುವುದು ಕಪ್ಪು ಬಿಳುಪುಗಳಲ್ಲಿ ಅಲ್ಲ. ಹೊಳಪಿನ ಲೋಹಕ್ಕೂ ಇತರ ಮೇಲ್ಮೈಗಳಿಗೂ ನಡುವೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಬಹಳವಿರುವುದರಿಂದ ಅಲ್ಲಿ ಕಪ್ಪು ಬಿಳುಪಿನ ಭೇದ ನಡೆಯುತ್ತದೆ. ಬಿಸಿನೀರಿನ ಕೊಳವೆ ಸೂಸುವುದಾದರೋ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಆ ಕಿರಣಗಳ ಪಾಲಿಗೆ ಬಿಳಿ, ಕೆಂಪು, ಹಸಿರು ಮುಂತಾದ ಸಾಮಾನ್ಯ ಬಣ್ಣಗಳೆಲ್ಲ ಬಹುಮಟ್ಟಿಗೆ ಕಪ್ಪೇ. ಬೆಳ್ಳಿಯಂತೆ ಹೊಳೆಯುವ ಲೋಹದ ಪುಡಿಯ ಬಣ್ಣ ಬಳಿದರೆ ಮಾತ್ರ ವಿಕಿರಣ ಕಡಿಮೆಯಾಗುತ್ತದೆ. ಅದರಲ್ಲೂ ರೇಡಿಯೇಟರಿನ ಶಾಖದಲ್ಲಿ ದೊಡ್ಡ ಪಾಲು ಗಾಳಿಯ ಸಂವಹನದಿಂದಲೇ ಕೋಣೆಗೆ ಹರಡುವುದರಿಂದ ಬಣ್ಣದ ಪಾತ್ರ ಇನ್ನೂ ಕಿರಿದು. ನಮ್ಮ ಅಡಿಗೆಮನೆಯಲ್ಲಿ ಬೆಳಗಿಟ್ಟ ಹಿತ್ತಾಳೆ ಪಾತ್ರೆಯ ನೀರು ಮಸಿ ಹಿಡಿದ ಪಾತ್ರೆಯ ನೀರಿಗಿಂತ ನಿಧಾನವಾಗಿ ಆರುವುದಕ್ಕೂ ಈ ವಿಕಿರಣದ ಭೇದವೇ ಕಾರಣ.

ಈ ಶೋಧನೆಗಳ ಗ್ರಂಥ 1804ರಲ್ಲಿ ಪ್ರಕಟವಾಯಿತು. ಲಂಡನ್ನಿನ ರಾಯಲ್ ಸೊಸೈಟಿಯು ರಮ್‌ಫರ್ಡ್ ಪದಕವನ್ನಿತ್ತು ಗೌರವಿಸಿತು. ಆದರೆ ಅದೇ ಗ್ರಂಥ ಅವನಿಗೆ ಕಂಟಕವೂ ಆಯಿತು. 1805ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕ ಪದವಿಗೆ ಅವನ ಹೆಸರು ಬಂದಾಗ ನಗರದ ಪಾದ್ರಿಗಳು ಬಲವಾಗಿ ವಿರೋಧಿಸಿದರು. ಗ್ರಂಥದ ಟಿಪ್ಪಣಿಯೊಂದರಲ್ಲಿ ಅವನು, ಕಾರ್ಯಕಾರಣ ಸಂಬಂಧವನ್ನು ಕುರಿತ ತತ್ತ್ವಜ್ಞಾನಿ ಹ್ಯೂಮನ ವಿಚಾರವನ್ನು ಮೆಚ್ಚಿದ್ದನು. ಅದು ದೈವನಂಬಿಕೆಗೆ ಕುಂದು ತರುವುದೆಂಬುದು ಅವರ ಆಕ್ಷೇಪ. ಪ್ಲೇಫೇರ್, ಡ್ಯೂಗಲ್ಡ್ ಸ್ಟೂವರ್ಟ್ ಮುಂತಾದ ವಿದ್ವಾಂಸರು ಅವನ ಪರವಾಗಿ ನಿಂತರು. ವಿವಾದವು ಸ್ಕಾಟ್ಲೆಂಡಿನ ಚರ್ಚಿನ ಮಹಾಸಭೆಯವರೆಗೂ ಹೋಯಿತು. ಕೊನೆಗೆ ವಿರೋಧಿಗಳು ಸೋತರು. ಬಡಗಿಯ ಮಗ ಪ್ರಾಧ್ಯಾಪಕ ಪೀಠವನ್ನೇರಿದನು.

1810ರಲ್ಲಿ ನಿರ್ವಾತ ಪಂಪು ಮತ್ತು ಗಂಧಕಾಮ್ಲಗಳ ನೆರವಿನಿಂದ ನೀರನ್ನು ಕೃತಕವಾಗಿ ಹೆಪ್ಪುಗಟ್ಟಿಸಿದನು. 1819ರಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದನು. 1832ರಲ್ಲಿ ಸರ್ ಪದವಿ ದೊರೆಯಿತು. ಅದೇ ವರ್ಷದ ನವೆಂಬರ್ 3ರಂದು ತನ್ನ ಹುಟ್ಟೂರಿನ ಸಮೀಪದಲ್ಲಿಯೇ ಕಾಲವಾದನು.

ಲೆಸ್ಲಿಯ ಎಲ್ಲ ಮಾತುಗಳೂ ಉಳಿದುಬರಲಿಲ್ಲ. 1800ರಲ್ಲಿ ಹರ್ಷೆಲ್ ಕಂಡುಹಿಡಿದ ಅದೃಶ್ಯ ಉಷ್ಣಕಿರಣಗಳನ್ನು ಅವನು ಒಪ್ಪಲಿಲ್ಲ. ಶಾಖವು ಗಾಳಿಯ ಕಂಪನದಿಂದ ಹರಡುವುದೆಂದು ಭಾವಿಸಿದ್ದನು. ಆ ಸಿದ್ಧಾಂತ ಬಿದ್ದುಹೋಯಿತು. ಆದರೆ ಪ್ರಾಮಾಣಿಕವಾಗಿ ಅಳೆದ ಅಳತೆ ಬೀಳಲಿಲ್ಲ. ಲೆಸ್ಲಿಯ ಘನ ಇಂದಿಗೂ ಪ್ರಯೋಗಶಾಲೆಗಳಲ್ಲಿ ಪಾಠ ಹೇಳುತ್ತಿದೆ. ಕಣ್ಣಿಗೆ ತೋರಿದ್ದನ್ನೂ ಹತ್ತು ಜನ ಹೇಳಿದ್ದನ್ನೂ ಹಾಗೆಯೇ ನಂಬದೆ, ಕೈಯಾರೆ ಅಳೆದು ನೋಡುವ ಬುದ್ಧಿ ನಮ್ಮೆಲ್ಲರಲ್ಲೂ ಬೆಳೆಯಲಿ.