ಸಂಗೊಳ್ಳಿ ರಾಯಣ್ಣ
ಸಂಗೊಳ್ಳಿ ರಾಯಣ್ಣ (1798–1831) ಕಿತ್ತೂರು ಸಂಸ್ಥಾನದ ಶೇತ್‌ಸನದಿ, ಅಂದರೆ ಸೇವೆಗೆ ಪ್ರತಿಯಾಗಿ ಹೊಲ ಪಡೆದಿದ್ದ ಯೋಧ. ಪೂರ್ವಿಕರು ಯುದ್ಧದಲ್ಲಿ ನೆತ್ತರು ಸುರಿಸಿದ್ದಕ್ಕೆ ದೊರೆತ ‘ರಕ್ತಮಾನ್ಯ’ದ ಭೂಮಿಯೂ ಈ ಮನೆತನಕ್ಕಿತ್ತೆಂಬ ಪ್ರತೀತಿಯಿದೆ. 1824ರ ಕಿತ್ತೂರು ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ರಾಯಣ್ಣನಿಗೆ ಕಂಪನಿ ಸರ್ಕಾರದ ದಫ್ತರದಲ್ಲಿ ಆ ಮನ್ನಣೆ ಉಳಿಯಲಿಲ್ಲ: ಬಹುಪಾಲು ಜಮೀನು ಮುಟ್ಟುಗೋಲಾಯಿತು, ಮಿಕ್ಕಿದ್ದರ ಮೇಲೆ ಭಾರಿ ಕಂದಾಯ ಬಿತ್ತು.

ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಪಟ್ಟಕ್ಕೇರಿಸಲು ದಂಗೆಯೆದ್ದ ರಾಯಣ್ಣನ ಪಡೆ ಇಂದಿನ ಖಾನಾಪುರ ತಾಲ್ಲೂಕಿನ ಬೀಡಿಯ ಸರ್ಕಾರಿ ಕಚೇರಿಯನ್ನು ಸುಟ್ಟಿತು. ಸಂಪಗಾವಿಯ ಕಚೇರಿಯೂ ದಾಳಿಗೆ ಗುರಿಯಾಯಿತು. ಈ ಆಯ್ಕೆ ಆಕಸ್ಮಿಕವೆನಿಸದು, ಕಂದಾಯದ ಲೆಕ್ಕಪತ್ರಗಳಿದ್ದುದು ಇಂಥ ಕಚೇರಿಗಳಲ್ಲೇ. 1830ರ ಏಪ್ರಿಲ್‌ನಲ್ಲಿ ವಿಶ್ವಾಸದ್ರೋಹದಿಂದ ಸೆರೆಯಾದ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರದ ಸಮೀಪದ ನಂದಗಡದ ಬಳಿ ಗಲ್ಲಿಗೇರಿಸಲಾಯಿತು. ಅಲ್ಲಿನ ಸಮಾಧಿಯ ಆಲದ ಮರಕ್ಕೆ ಜನರು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಬೆಳಗಾವಿ ನಗರದ ಕಾಲೇಜೊಂದಕ್ಕೆ ರಾಯಣ್ಣನ ಹೆಸರಿದೆ.