ಶಾಲೆ ತೊರೆದ ಬಾಲಕ, ತಪೋವನ ಕಟ್ಟಿದ ಗುರುದೇವ

ವಿದ್ಯೆಯು ಆತ್ಮಜ್ಞಾನದ ಹಾದಿ ಎಂಬುದು ಉಪನಿಷತ್ತುಗಳ ಕಾಲದಿಂದಲೂ ಭಾರತೀಯರು ನಂಬಿಕೊಂಡು ಬಂದ ತತ್ವ. ಕಾಡಿನ ಆಶ್ರಮದಲ್ಲಿ ಗುರುವಿನ ಸನಿಹದಲ್ಲಿದ್ದು ಕಲಿಯುವ ಈ ಪದ್ಧತಿಗೆ ಇಪ್ಪತ್ತನೆಯ ಶತಮಾನದಲ್ಲಿ ಮರುಜೀವ ನೀಡಲು ಮುಂದಾದವರಲ್ಲಿ ಕವಿ ರವೀಂದ್ರನಾಥ ಠಾಗೋರ್ ಪ್ರಮುಖರು. ವಿಶೇಷವೆಂದರೆ, ಅವರು ಶಾಲಾ ಶಿಕ್ಷಣವನ್ನೇ ಪೂರ್ಣಗೊಳಿಸಿದವರಲ್ಲ.

1861ರ ಮೇ 7ರಂದು ಕಲ್ಕತ್ತದ ಜೋರಾಸಾಂಕೊ ಮನೆತನದಲ್ಲಿ ಜನಿಸಿದ ರವೀಂದ್ರರು ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ಸ್ ಮೊದಲಾದ ಶಾಲೆಗಳ ಮೆಟ್ಟಿಲು ಹತ್ತಿದರೂ ಎಲ್ಲಿಯೂ ನೆಲೆ ನಿಲ್ಲಲಿಲ್ಲ. ನಾಲ್ಕು ಗೋಡೆಗಳ ನಡುವಿನ ಕಂಠಪಾಠ ಅವರಿಗೆ ಸೆರೆವಾಸವಾಗಿತ್ತು. ನಿಜವಾದ ಪಾಠ ದೊರೆತದ್ದು 1873ರಲ್ಲಿ. ಉಪನಯನದ ಬಳಿಕ ತಂದೆ ಮಹರ್ಷಿ ದೇವೇಂದ್ರನಾಥರು ಮಗನನ್ನು ಶಾಂತಿನಿಕೇತನಕ್ಕೂ ಅಲ್ಲಿಂದ ಹಿಮಾಲಯದ ಡಾಲ್‌ಹೌಸಿಗೂ ಕರೆದೊಯ್ದರು. ಸಂಸ್ಕೃತ ಪಾಠ, ನಕ್ಷತ್ರಗಳ ಪರಿಚಯ, ಇವುಗಳ ಜೊತೆಗೆ ಬೆಟ್ಟಗಳಲ್ಲಿ ಒಬ್ಬನೇ ಅಲೆಯುವ ಸ್ವಾತಂತ್ರ್ಯವೂ ಬಾಲಕನಿಗೆ ದಕ್ಕಿತು.

ಅವರ ಚಿಂತನೆ ಹರಳುಗಟ್ಟುವಲ್ಲಿ ಕರ್ನಾಟಕದ ಕಡಲತೀರಕ್ಕೂ ಪಾಲುಂಟು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅಲ್ಲಿ ತಂಗಿದ್ದ ತರುಣ ರವೀಂದ್ರರು ಪ್ರಕೃತಿರ್ ಪ್ರತಿಶೋಧ್ ನಾಟಕವನ್ನು ರಚಿಸಿದರು. ಲೋಕವನ್ನು ತೊರೆದು ಮುಕ್ತಿ ಪಡೆಯಹೊರಟ ಸನ್ಯಾಸಿಗೆ ಅನಾಥ ಬಾಲೆಯೊಬ್ಬಳ ಪ್ರೀತಿ ಕಣ್ಣು ತೆರೆಸುವ ಕಥೆಯಿದು. ಜಗತ್ತಿನೊಡನೆ ಬೆರೆತೇ ಮನುಷ್ಯ ತನ್ನನ್ನು ಕಂಡುಕೊಳ್ಳುತ್ತಾನೆಂಬ ಈ ಕಾಣ್ಕೆ ಮುಂದೆ ಅವರ ಶಾಲೆಗೂ ಆಧಾರವಾಯಿತು.

1901ರ ಡಿಸೆಂಬರ್ 22ರಂದು ಬೋಲ್ಪುರದ ಸಮೀಪ, ತಂದೆ ಧ್ಯಾನಕ್ಕೆಂದು ಪಡೆದಿದ್ದ ಭೂಮಿಯಲ್ಲಿ ಬ್ರಹ್ಮಚರ್ಯಾಶ್ರಮ ಆರಂಭವಾಯಿತು. ಮೊದಲಿಗೆ ಇದ್ದದ್ದು ಬೆರಳೆಣಿಕೆಯ ವಿದ್ಯಾರ್ಥಿಗಳು. ಅವರಲ್ಲಿ ಹಿರಿಯ ಮಗ ರಥೀಂದ್ರನಾಥನೂ ಒಬ್ಬ. ಮರದಡಿಯ ತರಗತಿ, ಬರಿಗಾಲ ನಡಿಗೆ, ಸರಳ ಊಟ, ಧ್ಯಾನ ಇವು ದಿನಚರಿ. ಶುಲ್ಕವಿಲ್ಲದ ಶಾಲೆಯನ್ನು ನಡೆಸಲು ಪತ್ನಿ ಮೃಣಾಲಿನಿ ದೇವಿ ತಮ್ಮ ಒಡವೆಗಳನ್ನೇ ಬಿಚ್ಚಿಕೊಟ್ಟರು. ಮರುವರ್ಷವೇ ಆಕೆ ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರನಾಥ ಅಗಲಿದರು. ಇಷ್ಟೆಲ್ಲ ಆಘಾತಗಳ ನಡುವೆಯೂ ಆಶ್ರಮದ ಪಾಠ ನಿಲ್ಲಲಿಲ್ಲ.

ಪರಂಪರೆಯನ್ನು ಮರಳಿ ತರುವ ಹಾದಿ ಸುಗಮವಾಗಿರಲಿಲ್ಲ. ಬ್ರಾಹ್ಮಣ ವಿದ್ಯಾರ್ಥಿಗಳು ಬ್ರಾಹ್ಮಣೇತರ ಶಿಕ್ಷಕರ ಪಾದ ಮುಟ್ಟಿ ನಮಸ್ಕರಿಸಬೇಕೇ ಎಂಬ ಪ್ರಶ್ನೆ 1902ರಲ್ಲಿ ಎದ್ದಾಗ ರವೀಂದ್ರರು ರೂಢಿಯ ಪರವಾಗಿಯೇ ನಿಂತಿದ್ದರು. ಆದರೆ ಆ ನಿಲುವಿನಲ್ಲಿ ಅವರು ಉಳಿಯಲಿಲ್ಲ. 1910ರಲ್ಲಿ ಪುಸ್ತಕವಾಗಿ ಬಂದ ಗೋರಾ ಕಾದಂಬರಿಯ ನಾಯಕ ಕಟ್ಟಾ ಸಂಪ್ರದಾಯವಾದಿ. ತಾನು ಹುಟ್ಟಿನಿಂದ ಐರಿಷ್ ಎಂದು ತಿಳಿದ ಕ್ಷಣದಲ್ಲಿ ಅವನ ಜಾತಿಯ ಗೋಡೆಗಳು ಕುಸಿಯುತ್ತವೆ. ಕವಿಯ ಆತ್ಮಶೋಧನೆಯೂ ಇದೇ ದಿಕ್ಕಿನಲ್ಲಿ ಸಾಗಿತ್ತು. ತಪೋವನದಿಂದ ಉಳಿಸಿಕೊಳ್ಳಬೇಕಾದದ್ದು ಗುರುಶಿಷ್ಯರ ಆತ್ಮೀಯತೆ ಮತ್ತು ನಿಸರ್ಗದ ಒಡನಾಟ. ಮೇಲು ಕೀಳಿನ ಕಟ್ಟಳೆಯನ್ನು ಬಿಟ್ಟುಬಿಡಬಹುದೆಂಬ ಅರಿವು ಅವರಲ್ಲಿ ಗಟ್ಟಿಯಾಯಿತು.

1913ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಅದರ ಹಣವೂ ಶಾಲೆಯ ನೆರವಿಗೆ ಒದಗಿತು. ಗಿಳಿಯ ಗಂಟಲಿಗೆ ಗ್ರಂಥದ ಹಾಳೆ ತುರುಕಿ ಅದನ್ನು ಕೊಲ್ಲುವ ಪಂಡಿತರ ಕಥೆ ಬರೆದು ಅವರು ಗಿಳಿಪಾಠದ ಶಿಕ್ಷಣವನ್ನು ವಿಡಂಬಿಸಿದರು. 1921ರ ಡಿಸೆಂಬರ್‌ನಲ್ಲಿ ವಿಶ್ವಭಾರತಿ ಲೋಕಾರ್ಪಣೆಗೊಂಡಿತು. ನಂದಲಾಲ್ ಬೋಸರ ಚಿತ್ರಕಲೆ, ಕ್ಷಿತಿಮೋಹನ ಸೇನರ ಸಂತಸಾಹಿತ್ಯ, ವಿದೇಶಿ ವಿದ್ವಾಂಸರ ಪಾಠ ಒಂದೇ ಅಂಗಳದಲ್ಲಿ ಸೇರಿದವು. 1922ರಲ್ಲಿ ಆರಂಭವಾದ ಶ್ರೀನಿಕೇತನ ಸುತ್ತಲ ಹಳ್ಳಿಗಳ ಕೃಷಿ, ಆರೋಗ್ಯ, ಕುಶಲಕಲೆಗಳ ಕಡೆಗೆ ಗಮನ ಹರಿಸಿತು.

ಕೊನೆಯವರೆಗೂ ಹಣದ ಕೊರತೆ ಕಾಡಿತು. ಇಳಿವಯಸ್ಸಿನಲ್ಲೂ ನೃತ್ಯನಾಟಕ ತಂಡದೊಡನೆ ಊರೂರು ತಿರುಗಿ ಅವರು ನಿಧಿ ಸಂಗ್ರಹಿಸಿದರು. 1940ರಲ್ಲಿ ಆಶ್ರಮಕ್ಕೆ ಬಂದ ಗಾಂಧೀಜಿಯವರಿಗೆ, ತಮ್ಮ ನಂತರ ಸಂಸ್ಥೆಯನ್ನು ನೋಡಿಕೊಳ್ಳುವಂತೆ ಪತ್ರ ಬರೆದುಕೊಟ್ಟರು. 1941ರ ಆಗಸ್ಟ್ 7ರಂದು, ತಾವು ಹುಟ್ಟಿದ ಮನೆಯಲ್ಲೇ ಕೊನೆಯುಸಿರೆಳೆದರು.

ವಿಶ್ವಭಾರತಿ 1951ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. 2023ರಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅಂಕಪಟ್ಟಿಯೇ ವಿದ್ಯೆಯ ಅಳತೆಗೋಲಾಗಿರುವ ಈ ದಿನಗಳಲ್ಲಿ, ಗುರುದೇವ ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ: ಇಷ್ಟೆಲ್ಲ ಕಲಿತ ಮಗು ತನ್ನನ್ನು ತಾನು ಅರಿಯಲು ಕಲಿತಿದೆಯೇ?